ಕರುಣೆಗೊಂದು ಕಟ್ಟಲೆ

ಕಷ್ಟ ಉಂಡವರಿಗೆ ಇನ್ನೊಬ್ಬರ ಕಷ್ಟ ತಾನಾಗಿಯೇ ತಿಳಿಯುತ್ತದೆ ಎಂಬುದು ನಾವೆಲ್ಲ ಚಿಕ್ಕಂದಿನಿಂದ ನಂಬಿಕೊಂಡು ಬಂದ ಮಾತು. ಹಸಿದು ಬಲ್ಲವನು ಹಸಿದವನಿಗೆ ಇಲ್ಲವೆನ್ನಲಾರ, ಮನೆ ಕಳೆದುಕೊಂಡವನು ಮನೆಯಿಲ್ಲದವನನ್ನು ಬಾಗಿಲಿನಿಂದ ಅಟ್ಟಲಾರ ಎಂದುಕೊಳ್ಳುವಾಗ ನಮಗೆ ಮನುಷ್ಯನ ಸ್ವಭಾವದ ಮೇಲೆಯೇ ಒಂದು ಭರವಸೆ ಮೂಡುತ್ತದೆ. ಆ ಭರವಸೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದೊಂದನ್ನೇ ನೆಚ್ಚಿ ಕೂರಬಹುದೇ ಎಂಬ ಪ್ರಶ್ನೆ, ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದುದನ್ನು ಓದಿದಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತದೆ.

ಸುಮಾತ್ರಾ ದ್ವೀಪದ ಬಡಗಣ ತುದಿಯಲ್ಲಿರುವ ಅಚೆ, ನೋವನ್ನು ಬಲ್ಲ ನಾಡು. 1976ರಿಂದ ಸುಮಾರು ಮೂರು ದಶಕಗಳ ಕಾಲ ಬಂಡಾಯಗಾರರಿಗೂ ಸರ್ಕಾರದ ಸೈನ್ಯಕ್ಕೂ ನಡುವೆ ನಡೆದ ಕಾದಾಟದಲ್ಲಿ ಅಲ್ಲಿ ಸಾವಿರಾರು ಜನ ಸತ್ತರು. ಎಷ್ಟೋ ಮಂದಿ ಮಲಕ್ಕಾ ಜಲಸಂಧಿಯನ್ನು ದಾಟಿ ಮಲೇಷ್ಯಾದಲ್ಲಿ ನಿರಾಶ್ರಿತರಾಗಿ ದಿನ ದೂಡಿದರು. ಅದರ ಮೇಲೆ 2004ರ ಡಿಸೆಂಬರ್ 26ರ ಬೆಳಿಗ್ಗೆ ಎದ್ದುಬಂದ ಸುನಾಮಿ ಅಚೆಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂಡೊಯ್ಯಿತು. ಉಳಿದವರಿಗೆ ಸೂರು ಕಟ್ಟಲು, ಶಾಲೆ ಎಬ್ಬಿಸಲು ಗುರುತು ಪರಿಚಯವಿಲ್ಲದ ದೂರದೇಶಗಳ ಜನ ಬಂದರು. ಆ ದುಃಖದ ನೆರಳಿನಲ್ಲಿಯೇ 2005ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದವೂ ಆಯಿತು. ಹಿಂಸೆಯನ್ನೂ ಕಂಡ, ನೆಲೆ ತಪ್ಪುವುದನ್ನೂ ಕಂಡ, ಪರರ ಕೈಯ ನೆರವನ್ನೂ ಉಂಡ ಜನ ಅವರು.

2015ರ ಮೇ ತಿಂಗಳಲ್ಲಿ ಅದೇ ಸಮುದ್ರದಲ್ಲಿ ಬೇರೆಯವರ ದುಃಖ ತೇಲಿಬಂತು. ಮ್ಯಾನ್ಮಾರ್‌ನಿಂದ ತಪ್ಪಿಸಿಕೊಂಡ ರೋಹಿಂಗ್ಯಾ ಕುಟುಂಬಗಳನ್ನೂ ಕೂಲಿ ಅರಸಿ ಹೊರಟ ಬಾಂಗ್ಲಾದೇಶದ ಹುಡುಗರನ್ನೂ ಒಟ್ಟಿಗೆ ತುಂಬಿದ್ದ ದೋಣಿಗಳನ್ನು ಕಳ್ಳಸಾಗಣೆಯ ದಲ್ಲಾಳಿಗಳು ನಡುನೀರಿನಲ್ಲಿ ಬಿಟ್ಟು ಓಡಿಹೋಗಿದ್ದರು. ಸುತ್ತಲಿನ ಮೂರು ದೇಶಗಳು, ಥಾಯ್ಲೆಂಡ್, ಮಲೇಷ್ಯಾ ಮತ್ತು ಇಂಡೊನೇಷ್ಯಾ, ಅವರಿಗೆ ಒಂದಿಷ್ಟು ಊಟ, ನೀರು, ಇಂಧನ ಕೊಟ್ಟು ದೋಣಿಯ ಮೂತಿಯನ್ನು ಪಕ್ಕದವರ ಕಡೆಗೆ ತಿರುಗಿಸುತ್ತಿದ್ದವು. ಅಂಥವರನ್ನು ದಡಕ್ಕೆ ತರಬೇಡಿ ಎಂದು ಸೈನ್ಯದ ಕಡೆಯಿಂದ ಅಚೆಯ ಮೀನುಗಾರರಿಗೂ ಸೂಚನೆ ಹೋಗಿತ್ತು. ಆದರೂ ಅವರು ತಂದರು. ಬಲೆ ಬಿಟ್ಟು, ಆ ದಿನದ ದುಡಿಮೆ ಬಿಟ್ಟು, ನೀರಿಗೆ ಹಾರಿದವರನ್ನು ಎಳೆದು ತಮ್ಮ ದೋಣಿಗೆ ಹತ್ತಿಸಿಕೊಂಡರು. ಆ ತಿಂಗಳು ಕೆಲವೇ ದಿನಗಳ ಅಂತರದಲ್ಲಿ ಸುಮಾರು 1,800 ಜನ ಅಚೆಯ ದಡ ಸೇರಿದರು. ಊರಿನವರು ಅಕ್ಕಿ, ಬಟ್ಟೆ ತಂದು ಕೊಟ್ಟರು. ಮಲೇಷ್ಯಾ ಮತ್ತು ಇಂಡೊನೇಷ್ಯಾದ ವಿದೇಶಾಂಗ ಮಂತ್ರಿಗಳು ಮೇ 20ರಂದು ಕೂತು ಮಾತಾಡಿ, ಏಳು ಸಾವಿರ ಜನಕ್ಕೆ ಒಂದು ವರ್ಷದ ಮಟ್ಟಿಗೆ ಆಸರೆ ಕೊಡಲು ಒಪ್ಪಿದ್ದು ಆಮೇಲಿನ ಮಾತು. ರಾಜ್ಯಗಳು ಲೆಕ್ಕ ಹಾಕುತ್ತಿದ್ದಾಗ ಕೈ ಚಾಚಿದವರು ಮೀನು ಹಿಡಿಯುವವರು.

ಅವರು ಹಾಗೆ ಮಾಡಿದ್ದೇಕೆ? ಸುನಾಮಿಯ ನೆನಪಿನಿಂದ, ಒಂದೇ ಧರ್ಮದವರೆಂಬ ಮಮತೆಯಿಂದ ಎಂದೆಲ್ಲ ಹೇಳಿದವರುಂಟು. ಅವುಗಳಲ್ಲಿ ನಿಜವೂ ಉಂಟು. ಆದರೆ ಮೀನುಗಾರರು ತಾವೇ ಕೊಟ್ಟ ಕಾರಣ ಇವೆಲ್ಲಕ್ಕಿಂತ ಸರಳವಾಗಿತ್ತು: ಕಡಲಿನಲ್ಲಿ ಅಪಾಯಕ್ಕೆ ಸಿಕ್ಕವರನ್ನು ಎತ್ತಿಕೊಳ್ಳಬೇಕು, ಅದು ನಮ್ಮ ಕಟ್ಟಲೆ. ಅಚೆಯಲ್ಲಿ ಪಂಗ್ಲಿಮಾ ಲಾವೋತ್ ಎಂಬ ಮೀನುಗಾರರ ವ್ಯವಸ್ಥೆಯೊಂದಿದೆ. ಸುಲ್ತಾನರ ಕಾಲದಿಂದ, ಅಂದರೆ ಸುಮಾರು ನಾನೂರು ವರ್ಷಗಳಿಂದ ನಡೆದುಬಂದದ್ದು. ಯಾವ ದಿನ ಬಲೆ ಬೀಸಬಾರದು, ಜಗಳವಾದರೆ ಯಾರು ತೀರ್ಮಾನ ಹೇಳಬೇಕು, ಯಾರಾದರೂ ಕಾಣೆಯಾದರೆ ಉಳಿದವರೆಲ್ಲ ಏನು ಮಾಡಬೇಕು ಎಂಬುದನ್ನೆಲ್ಲ ಅದು ಗೊತ್ತುಮಾಡುತ್ತದೆ. ಶುಕ್ರವಾರ ಅಲ್ಲಿ ದೋಣಿ ಇಳಿಸುವುದಿಲ್ಲ. ಸುನಾಮಿಯ ನಂತರ ಡಿಸೆಂಬರ್ 26 ಕೂಡ ಬಲೆ ಮುಟ್ಟದ ದಿನವಾಗಿ ಆ ಪಟ್ಟಿಗೆ ಸೇರಿತು. ಮುಳುಗುತ್ತಿರುವವನನ್ನು ಕಂಡರೆ ಎತ್ತಬೇಕು ಎಂಬುದು ಈ ಕಟ್ಟಲೆಗಳಲ್ಲಿ ಒಂದು. ಅವನ ಊರು ಯಾವುದು, ಅವನ ಕೈಯಲ್ಲಿ ಕಾಗದ ಇದೆಯೇ, ಅವನು ಮುಂದೆ ಏನಾಗುವನು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಜಾಗವಿಲ್ಲ. ಆ ಪ್ರಶ್ನೆಗಳನ್ನು ದಡಕ್ಕೆ ಬಂದ ಮೇಲೆ ಕೇಳಬಹುದು.

ಕಟ್ಟಲೆಯ ಈ ಗುಣವನ್ನು ಕುರಿತು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಕರುಣೆಯೆಂದರೆ ಹೃದಯದೊಳಗೆ ತಾನಾಗಿ ಉಕ್ಕುವ ಭಾವ, ಕಟ್ಟಲೆಯೆಂದರೆ ಹೊರಗಿನಿಂದ ಹೇರಿದ ಒಣ ನಿಯಮ ಎಂದು ನಾವು ಎರಡನ್ನೂ ಬೇರೆ ಬೇರೆ ಇಡುತ್ತೇವೆ; ಮೊದಲನೆಯದನ್ನು ಹೊಗಳುತ್ತೇವೆ, ಎರಡನೆಯದನ್ನು ಸಹಿಸುತ್ತೇವೆ. ಆದರೆ ಭಾವಕ್ಕೆ ಆಯಾಸವಿದೆ. ಇಂದು ಒಂದು ಮಗುವಿನ ಚಿತ್ರ ನೋಡಿ ಕಣ್ಣು ತುಂಬಿಕೊಂಡವರು ನಾಳೆ ಅಂಥದೇ ಹತ್ತು ಚಿತ್ರಗಳನ್ನು ನೋಡಿ ಬೆರಳಿನಿಂದ ಸರಿಸಿಬಿಡುತ್ತೇವೆ, ಮತ್ತು ಅದರಲ್ಲಿ ನಮ್ಮ ಕೆಟ್ಟತನಕ್ಕಿಂತ ನಮ್ಮ ದಣಿವೇ ಹೆಚ್ಚು. ಕಟ್ಟಲೆ ಮಾತ್ರ ಮನಸ್ಸು ದಣಿದ ದಿನವೂ ಕೈಯನ್ನು ಚಾಚಿಸುತ್ತದೆ. ಹಿರಿಯರು ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕೆಂದು ಮಕ್ಕಳಿಗೆ ಕಲಿಸಿದ್ದು, ಮಕ್ಕಳ ಮನಸ್ಸಿನಲ್ಲಿ ಪ್ರತಿ ಸಲವೂ ಪ್ರೀತಿ ಉಕ್ಕುತ್ತದೆಂಬ ಭ್ರಮೆಯಿಂದಲ್ಲ. ಉಕ್ಕದ ದಿನವೂ ಬಂದವರು ಬಾಯಾರಿ ಹೋಗಬಾರದೆಂದು.

ಅಚೆಯ ಜನ ಎತ್ತಿಕೊಂಡದ್ದು ಯಾರನ್ನು ಎಂಬುದನ್ನೂ ತಿಳಿಯಬೇಕು. ರೋಹಿಂಗ್ಯಾಗಳು ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದವರು. 1982ರ ಪೌರತ್ವ ಕಾನೂನಿನ ನಂತರ ಅವರಲ್ಲಿ ಬಹುಪಾಲು ಜನ ತಾವು ಹುಟ್ಟಿದ ನೆಲದಲ್ಲೇ ಯಾವ ದೇಶದವರೂ ಅಲ್ಲದವರಾದರು. 2012ರ ಹಿಂಸೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದವರು ಮನೆ ಕಳೆದುಕೊಂಡು, ಊರ ಹೊರಗಿನ ಶಿಬಿರಗಳಲ್ಲಿ ಕಾವಲಿನ ನಡುವೆ ಬಂದಿಗಳಂತೆ ಉಳಿದರು. 2017ರ ಆಗಸ್ಟ್‌ನಲ್ಲಿ ಸೈನ್ಯದ ಕಾರ್ಯಾಚರಣೆ ಶುರುವಾದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ಪಾಸ್‌ಪೋರ್ಟ್ ಇಲ್ಲ, ಕೆಲಸ ಮಾಡುವ ಹಕ್ಕಿಲ್ಲ, ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿರುವಾಗ ಒಬ್ಬ ಬಂದು, ನನ್ನ ಬಳಿ ಒಂದು ದೋಣಿಯಿದೆ ಎನ್ನುತ್ತಾನೆ. ಕಳ್ಳಸಾಗಣೆ ಶುರುವಾಗುವುದು ಅಲ್ಲಿಂದ.

ಶುರುವಿನಲ್ಲಿ ಅದು ಪ್ರಯಾಣದಂತೆಯೇ ಕಾಣುತ್ತದೆ. ಇಷ್ಟು ಹಣ, ಇಷ್ಟು ದಿನ, ಅಲ್ಲಿ ನಿಮ್ಮವರೇ ಇದ್ದಾರೆ ಎಂಬ ಸಮಾಧಾನದ ಮಾತು. ಎಷ್ಟೋ ದೋಣಿಗಳಲ್ಲಿ ಮಲೇಷ್ಯಾದಲ್ಲಿರುವ ವರನನ್ನು ಸೇರಲು ಹೊರಟ ಎಳೆಯ ಹುಡುಗಿಯರಿರುತ್ತಾರೆ. ಶಿಬಿರದಲ್ಲಿ ಅವರನ್ನು ಕಾಪಾಡಲಾರದ ತಂದೆತಾಯಿ ಬೇರೆ ದಾರಿ ಕಾಣದೆ ಒಪ್ಪಿರುತ್ತಾರೆ. ದಡ ಕಣ್ಮರೆಯಾದ ಮೇಲೆ ಲೆಕ್ಕ ಬದಲಾಗುತ್ತದೆ. 2015ರವರೆಗೆ ನಡೆಯುತ್ತಿದ್ದ ದಂಧೆಯಲ್ಲಿ ಪ್ರಯಾಣಿಕರನ್ನು ಥಾಯ್ಲೆಂಡ್ ಮತ್ತು ಮಲೇಷ್ಯಾ ಗಡಿಯ ಕಾಡಿನಲ್ಲಿ ಬಿದಿರಿನ ದೊಡ್ಡಿಗಳಲ್ಲಿ ಕೂಡಿಹಾಕಿ, ಮನೆಯವರಿಗೆ ಫೋನ್ ಮಾಡಿಸಿ, ಆ ಕಡೆಯವರಿಗೆ ಕೂಗು ಕೇಳುವಂತೆ ಹೊಡೆದು ಹಣ ಕೇಳುತ್ತಿದ್ದರು. ಹಣ ಬಾರದವರು ಅಲ್ಲಿಯೇ ಉಳಿದರು. 2015ರ ಮೇ ಮೊದಲ ದಿನಗಳಲ್ಲಿ ಥಾಯ್ಲೆಂಡಿನ ಸೊಂಗ್‌ಖ್ಲಾ ಪ್ರಾಂತ್ಯದ ಗುಡ್ಡವೊಂದರ ಮೇಲೆ ಅಂಥ ಶಿಬಿರದ ಪಕ್ಕ 26 ಹೆಣಗಳು ಸಿಕ್ಕವು. ತಿಂಗಳ ಕೊನೆಗೆ ಮಲೇಷ್ಯಾದ ವಾಂಗ್ ಕೆಲಿಯನ್‌ನಲ್ಲಿ 139 ಗುಂಡಿಗಳು ಪತ್ತೆಯಾದವು. ಕಾಡಿನ ಗುಟ್ಟು ಬಯಲಾಗಿ ಪೊಲೀಸರು ಬೆನ್ನುಹತ್ತಿದ್ದರಿಂದಲೇ ದಲ್ಲಾಳಿಗಳು ಕಡಲಿನಲ್ಲಿದ್ದವರನ್ನು ಅಲ್ಲೇ ಬಿಟ್ಟು ಮಾಯವಾದದ್ದು.

ಈ ಪ್ರಕರಣದಲ್ಲಿ 2017ರ ಜುಲೈನಲ್ಲಿ ಬ್ಯಾಂಕಾಕಿನ ನ್ಯಾಯಾಲಯ 62 ಜನರನ್ನು ತಪ್ಪಿತಸ್ಥರೆಂದು ಹೇಳಿತು. ಅವರಲ್ಲಿ ರಾಜಕಾರಣಿಗಳಿದ್ದರು, ಪೊಲೀಸರಿದ್ದರು, ಮನಾಸ್ ಕೊಂಗ್‌ಪಾನ್ ಎಂಬ ಸೇನೆಯ ಲೆಫ್ಟಿನೆಂಟ್ ಜನರಲ್ ಕೂಡ ಇದ್ದರು. ಮನಾಸ್ ಅವರಿಗೆ 27 ವರ್ಷಗಳ ಸೆರೆವಾಸವಾಯಿತು. ತನಿಖೆಯನ್ನು ಮುನ್ನಡೆಸಿದ ಪೊಲೀಸ್ ಅಧಿಕಾರಿ ಪವೀನ್ ಪೊಂಗ್‌ಸಿರಿನ್ ಮಾತ್ರ ತೀರ್ಪು ಬರುವ ಹೊತ್ತಿಗೆ ತಮ್ಮ ದೇಶದಲ್ಲಿ ಇರಲಿಲ್ಲ. ಜೀವಭಯದಿಂದ ಹುದ್ದೆ ತೊರೆದು, 2015ರ ಕೊನೆಯಲ್ಲಿಯೇ ಆಸ್ಟ್ರೇಲಿಯಾಕ್ಕೆ ಹೋಗಿ ಆಶ್ರಯ ಕೇಳಿದ್ದರು. ನೆಲೆ ತಪ್ಪಿದವರ ಪರವಾಗಿ ನಿಂತವನೇ ನೆಲೆ ತಪ್ಪಿದವನಾದ. ಮಾನವ ಕಳ್ಳಸಾಗಣೆಯ ವಿರುದ್ಧದ ಕೆಲಸ ಎಂದಾಗ ನಾವು ಪರಿಹಾರದ ಪೊಟ್ಟಣಗಳನ್ನೂ ಡೇರೆಗಳನ್ನೂ ನೆನೆಯುತ್ತೇವೆ. ಕಡತದ ಮುಂದೆ ಕೂತು, ಹಣ ಯಾರ ಖಾತೆಯಿಂದ ಯಾರ ಖಾತೆಗೆ ಹೋಯಿತೆಂದು ಪಟ್ಟುಹಿಡಿದು ನೋಡುವುದೂ ಕರುಣೆಯ ಕೆಲಸವೇ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ.

ದಲ್ಲಾಳಿಯನ್ನು ರಾಕ್ಷಸನೆಂದು ಬಿಡುವುದು ಸುಲಭ. ಅವನ ಕ್ರೌರ್ಯ ಕಣ್ಣಿಗೆ ಕಾಣುವಂಥದು, ಅದನ್ನು ಶಿಕ್ಷಿಸಲೇಬೇಕು. ಆದರೆ ಅವನ ಸರಕಿಗೆ ಬೆಲೆ ಬಂದದ್ದು ಎಲ್ಲಿಂದ? ಕಾನೂನಿನ ದಾರಿಗಳನ್ನೆಲ್ಲ ಮುಚ್ಚಿದ ಸಭ್ಯ ಲೋಕದಿಂದ. 2023ರಲ್ಲಿ ದೇಣಿಗೆ ಸಾಲದೆ ವಿಶ್ವ ಆಹಾರ ಕಾರ್ಯಕ್ರಮವು ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರವನ್ನು ಮೊದಲು 10ಕ್ಕೆ, ಆಮೇಲೆ 8 ಡಾಲರಿಗೆ ಇಳಿಸಿತು. ಆ ವರ್ಷ ಸುಮಾರು 4,500 ರೋಹಿಂಗ್ಯಾಗಳು ದೋಣಿ ಹತ್ತಿದರು. ಅವರಲ್ಲಿ 569 ಮಂದಿ ಸತ್ತರು ಅಥವಾ ಕಾಣೆಯಾದರು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿತು. ಹೊರಟವರಲ್ಲಿ ಎಂಟಕ್ಕೆ ಒಬ್ಬರು. ದೂರದ ರಾಜಧಾನಿಯಲ್ಲಿ ಯಾರೋ ಒಬ್ಬರು ದೇಣಿಗೆಯ ಅಂಕಿಯನ್ನು ಸ್ವಲ್ಪ ಕೆಳಗಿಳಿಸುತ್ತಾರೆ, ಅವರ ಕೈಗೆ ರಕ್ತ ಅಂಟುವುದಿಲ್ಲ, ಅವರು ಸಂಜೆ ಮನೆಗೆ ಹೋಗಿ ಮಕ್ಕಳೊಡನೆ ಊಟಕ್ಕೆ ಕೂರುತ್ತಾರೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಕೆಟ್ಟವರಲ್ಲದವರ ಸಣ್ಣ ಸಣ್ಣ ನಿರ್ಧಾರಗಳು ಸೇರಿ ದಲ್ಲಾಳಿಯ ಅಂಗಡಿಗೆ ಗಿರಾಕಿಗಳನ್ನು ಕಳಿಸುತ್ತವೆ ಎಂಬುದನ್ನು ಒಪ್ಪಿಕೊಳ್ಳದೆ ಅವನೊಬ್ಬನನ್ನೇ ಬೈಯುವುದು ಅರ್ಧ ನ್ಯಾಯವಷ್ಟೆ.

ಇನ್ನು ಅಚೆಗೇ ಮರಳೋಣ. ಅಲ್ಲಿನ ಕಥೆಯ ಕಠಿಣ ಭಾಗ ಬರುವುದು ಈಗ. 2020ರ ಜೂನ್‌ನಲ್ಲಿ, ಕೋವಿಡ್ ಭಯದ ನಡುವೆ ಅಧಿಕಾರಿಗಳು ಹಿಂದೆಮುಂದೆ ನೋಡುತ್ತಿದ್ದಾಗ, ಉತ್ತರ ಅಚೆಯ ಲಾಂಚೋಕ್ ಹಳ್ಳಿಯ ಜನ ದಡದಲ್ಲಿ ನೆರೆದು, ಹಸಿದು ಸೊರಗಿದ್ದ 99 ರೋಹಿಂಗ್ಯಾಗಳನ್ನು ತಾವೇ ಇಳಿಸಿಕೊಂಡರು. ಜಗತ್ತು ಮತ್ತೊಮ್ಮೆ ಅವರನ್ನು ಕೊಂಡಾಡಿತು. ಮರುವರ್ಷ ಅದೇ ದೋಣಿಯ ವಿಚಾರದಲ್ಲಿ ಮೂವರು ಮೀನುಗಾರರಿಗೆ ಕಳ್ಳಸಾಗಣೆಯ ಅಪರಾಧಕ್ಕಾಗಿ ಐದು ವರ್ಷಗಳ ಸೆರೆವಾಸವಾಯಿತು; ಹಣ ಪಡೆದು ನಡುಗಡಲಿನಿಂದ ಜನರನ್ನು ಕರೆತಂದರೆಂಬುದು ಆರೋಪ. ಅದೇ ನೀರು, ಅದೇ ಬಗೆಯ ದೋಣಿ, ಅದೇ ಕಸುಬಿನ ಕೈಗಳು. ಒಂದು ಎತ್ತಿಕೊಂಡದ್ದು ಕಟ್ಟಲೆಗಾಗಿ, ಇನ್ನೊಂದು ಕಾಸಿಗಾಗಿ. ಒಳ್ಳೆಯ ಊರು ಎಂದು ಒಂದು ಊರನ್ನು ಗುರುತಿಸಿ ನಾವು ನಿಶ್ಚಿಂತರಾಗುವ ಹಾಗಿಲ್ಲ. ಎರಡೂ ಬಗೆಯ ಕೈಗಳು ಎಲ್ಲ ಊರಿನಲ್ಲೂ, ಬಹುಶಃ ಎಲ್ಲ ಮನುಷ್ಯರಲ್ಲೂ ಇವೆ.

2023ರ ನವೆಂಬರ್‌ನಿಂದ ದೋಣಿಗಳು ಒಂದರ ಹಿಂದೊಂದು ಬಂದವು. ಕೆಲವೇ ವಾರಗಳಲ್ಲಿ 1,500ಕ್ಕೂ ಹೆಚ್ಚು ಜನ. ಈ ಸಲ ಕೆಲವು ಹಳ್ಳಿಗಳ ಜನ ದಡಕ್ಕೆ ಬಂದು, ಅನ್ನ ನೀರು ಕೊಟ್ಟು, ದೋಣಿಯನ್ನು ಮತ್ತೆ ಕಡಲಿಗೆ ನೂಕಿದರು. ಎಂಟು ವರ್ಷಗಳ ಹಿಂದೆ ಸರ್ಕಾರಗಳು ಮಾಡಿದ್ದನ್ನೇ ಈಗ ಊರಿನವರು ಮಾಡಿದರು. ಮೊಬೈಲುಗಳಲ್ಲಿ ದ್ವೇಷದ ಸಂದೇಶಗಳು ಓಡಾಡಿದವು. ಬಂದವರು ಕೃತಘ್ನರು, ನೆಲ ಕೇಳುತ್ತಾರೆ, ಅವರಿಗೆ ಸಿಗುವುದು ನಮಗೇ ಸಿಗುತ್ತಿಲ್ಲ ಎಂಬ ಮಾತುಗಳು ಊರೂರು ಸುತ್ತಿದವು. ಡಿಸೆಂಬರ್ 27ರಂದು ಬಾಂದಾ ಅಚೆ ನಗರದಲ್ಲಿ ವಿದ್ಯಾರ್ಥಿಗಳ ದೊಡ್ಡ ಗುಂಪೊಂದು 137 ರೋಹಿಂಗ್ಯಾಗಳು ತಂಗಿದ್ದ ಸಭಾಭವನದ ನೆಲಮಾಳಿಗೆಗೆ ನುಗ್ಗಿ, ಅವರ ಗಂಟುಮೂಟೆಗಳನ್ನು ಒದ್ದು ಚೆಲ್ಲಿ, ಅಳುತ್ತಿದ್ದ ಹೆಂಗಸರು ಮಕ್ಕಳನ್ನು ಲಾರಿಗೆ ಹತ್ತಿಸಿತು. ಹಿಂದಿನ ದಿನವಷ್ಟೇ ಅಚೆ ತನ್ನ ಸುನಾಮಿಯ ಹತ್ತೊಂಬತ್ತನೆಯ ವರ್ಷವನ್ನು ಪ್ರಾರ್ಥನೆಯೊಡನೆ ನೆನೆದಿತ್ತು.

ಈ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಕುಗ್ಗುತ್ತದೆ. ನೋವಿನ ನೆನಪು ತಾನಾಗಿಯೇ ಮನುಷ್ಯನನ್ನು ಮೃದುಗೊಳಿಸುವುದಿಲ್ಲ. ಅದು ಎರಡು ಕಡೆಗೂ ಹರಿಯಬಲ್ಲದು. ನಾನು ನೊಂದಿದ್ದೇನೆ, ಆದ್ದರಿಂದ ನಿನ್ನ ನೋವು ನನಗೆ ಗೊತ್ತು ಎಂದೂ ಹೇಳಿಸೀತು. ನಾನು ನೊಂದಿದ್ದೇನೆ, ಆದ್ದರಿಂದ ಇನ್ನು ನನ್ನ ಸರದಿ ಮುಗಿಯಿತು ಎಂದೂ ಹೇಳಿಸೀತು. ಆ ವಿದ್ಯಾರ್ಥಿಗಳಲ್ಲಿ ಹಲವರು ಸುನಾಮಿಯ ವರ್ಷದ ಆಸುಪಾಸಿನಲ್ಲಿ ಹುಟ್ಟಿದವರು. ಹಿರಿಯರ ಬದುಕಿನ ದುಃಖ ಅವರಿಗೆ ಸ್ಮಾರಕವಾಗಿ ತಲುಪಿತ್ತು. ಹಿರಿಯರು ಪಾಲಿಸಿದ ಕಟ್ಟಲೆ ಅಷ್ಟೇ ಗಟ್ಟಿಯಾಗಿ ತಲುಪಿತ್ತೇ? ನೋವನ್ನು ನೆನೆಯಲು ನಾವು ಕಂಬಗಳನ್ನು ನೆಡುತ್ತೇವೆ, ದಿನಗಳನ್ನು ಗೊತ್ತುಮಾಡುತ್ತೇವೆ. ಆ ನೋವು ನಮಗೆ ಕಲಿಸಿದ ನಡತೆಯನ್ನು ಮುಂದಿನವರ ಕೈಗೆ ಕೊಡಲು ಏನು ಮಾಡುತ್ತೇವೆ?

ಹಾಗೆಂದು ಅಚೆಯನ್ನು ದೂರುವ ಅಧಿಕಾರ ನಮ್ಮಲ್ಲಿ ಯಾರಿಗೂ ಸುಲಭವಾಗಿ ಬರುವುದಿಲ್ಲ. ಇಂಡೊನೇಷ್ಯಾದ ಬಡ ಪ್ರಾಂತ್ಯಗಳಲ್ಲಿ ಒಂದು ಅದು. 2016ರ ರಾಷ್ಟ್ರಾಧ್ಯಕ್ಷರ ಆದೇಶವೊಂದು ಕಡಲಿನಲ್ಲಿ ಸಿಕ್ಕ ನಿರಾಶ್ರಿತರನ್ನು ಕಾಪಾಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿತ್ತಾದರೂ, ದೋಣಿ ಬಂದಾಗಲೆಲ್ಲ ಮೊದಲು ಎದುರು ನಿಲ್ಲಬೇಕಾದವರು ದಡದ ಹಳ್ಳಿಯವರೇ ಆಗಿದ್ದರು. ಜಗತ್ತು ಅವರನ್ನು ಮೆಚ್ಚಿ ಬರೆಯಿತು, ಆದರೆ ಭಾರಕ್ಕೆ ಹೆಗಲು ಕೊಡಲಿಲ್ಲ. ಶ್ರೀಮಂತ ದೇಶಗಳು ಬಾಗಿಲು ತೆರೆಯಲಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಇಂಡೊನೇಷ್ಯಾ ಸಹಿ ಹಾಕಿಲ್ಲ. ನಮ್ಮ ಭಾರತವೂ ಹಾಕಿಲ್ಲ. ಹೊಗಳಿಕೆಯನ್ನು ಮಾತ್ರ ಕೊಟ್ಟು ಹೊರೆಯನ್ನು ಹಂಚಿಕೊಳ್ಳದಿದ್ದರೆ ಎಂಥ ಔದಾರ್ಯವೂ ಒಂದು ದಿನ ಕಹಿಯಾಗುತ್ತದೆ, ಮತ್ತು ಆ ಕಹಿಯನ್ನು ಕಾದು ಕುಳಿತ ಸುಳ್ಳುಗಾರರು ಬಂದು ಬಳಸಿಕೊಳ್ಳುತ್ತಾರೆ. ಹಗೆ ಹೊರಗಿನಿಂದ ಬಂದಿರಬಹುದು. ಅದಕ್ಕೆ ಜಾಗ ಮಾಡಿಕೊಟ್ಟದ್ದು ಒಳಗಿನ ದಣಿವು.

ಇಷ್ಟಾದ ಮೇಲೂ ಒಂದು ಸಂಗತಿ ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ, ನೆಲದ ಮೇಲೆ ಹಗೆ ಇನ್ನೂ ಆರದಿದ್ದಾಗ, ಪಶ್ಚಿಮ ಅಚೆಯ ಕಡಲಿನಲ್ಲಿ ದೋಣಿಯೊಂದು ಮಗುಚಿತು. ಮೀನುಗಾರರಿಗೆ ಅದು ಕಂಡಿತು. ಅವರು ಕೈಗೆ ಸಿಕ್ಕ ಆರು ಜನರನ್ನು ಎತ್ತಿಕೊಂಡರು, ಸುದ್ದಿ ಮುಟ್ಟಿಸಿದರು. ಮರುದಿನ ರಕ್ಷಣಾ ಪಡೆಯವರು ಬೋರಲಾಗಿ ತೇಲುತ್ತಿದ್ದ ದೋಣಿಯ ಬೆನ್ನಿಗೆ ಅಂಟಿಕೊಂಡಿದ್ದ 69 ಜನರನ್ನು ಇಳಿಸಿದರು. ಇನ್ನೂ ಹತ್ತಾರು ಮಂದಿ ನೀರುಪಾಲಾಗಿದ್ದರು. ಮಗುಚುವ ಮೊದಲು ದೋಣಿ ನಡೆಸುತ್ತಿದ್ದವರೇ ಅದರಲ್ಲಿದ್ದ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದ್ದರೆಂದು ಬದುಕುಳಿದವರು ಆಮೇಲೆ ಹೇಳಿದರು. ಅಂಥ ಕೈಗಳಿಂದ ತಪ್ಪಿಸಿಕೊಂಡವರಿಗೆ ಮೊದಲು ಸಿಕ್ಕದ್ದು, ಕಟ್ಟಲೆಯನ್ನು ಮರೆಯದ ಕೈಗಳು. ಆ ಮೀನುಗಾರರಿಗೂ ಮೊಬೈಲಿನ ಸಂದೇಶಗಳು ಬಂದಿದ್ದಿರಬಹುದು, ಅವರಿಗೂ ಬೇಸರವಿದ್ದಿರಬಹುದು. ಆದರೂ ಮುಳುಗುವವನು ಕಣ್ಣೆದುರಿಗೆ ಬಂದಾಗ ಏನು ಮಾಡಬೇಕೆಂಬುದು ಅವರಿಗೆ ಮೊದಲೇ ತೀರ್ಮಾನವಾಗಿತ್ತು.

ನಮ್ಮ ನಾಡಿಗೂ ಇಂಥ ತೀರ್ಮಾನದ ಒಂದು ನೆನಪುಂಟು. ಟಿಬೆಟ್ ತೊರೆದು ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಕಾಡು ಕಡಿದು ಹೊಲ ಮಾಡುವ ಆ ಬದುಕು ಹಗುರವಾಗಿರಲಿಲ್ಲ. ಆದರೆ ನೆಲ ಸಿಕ್ಕಿತು, ಗುರುತಿನ ಕಾಗದ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು. ಅಲ್ಲಿ ನೆಲೆಸಲು ಯಾರೂ ದಲ್ಲಾಳಿಯ ದೋಣಿ ಹತ್ತಬೇಕಾಗಲಿಲ್ಲ. ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಲ್ಲಿ ಕಳ್ಳದಾರಿಗೆ ಬೆಲೆಯಿಲ್ಲ. ಒಬ್ಬರಿಗೆ ಮಾಡಬಲ್ಲವರು ಇನ್ನೊಬ್ಬರಿಗೆ ಯಾಕೆ ಮಾಡಲಾರೆವು ಎಂಬ ಪ್ರಶ್ನೆಗೆ ರಾಜಕೀಯದ ಹಲವು ಉತ್ತರಗಳಿರುತ್ತವೆ. ಆ ಉತ್ತರಗಳನ್ನು ಕೇಳಿಸಿಕೊಂಡ ಮೇಲೂ ಪ್ರಶ್ನೆ ಉಳಿಯಬೇಕು, ಉಳಿದು ನಮ್ಮನ್ನು ಸ್ವಲ್ಪ ಕಾಡಬೇಕು.

ನೆಲೆ ತಪ್ಪಿದವರ ಸಂಖ್ಯೆ ಕಡಿಮೆಯಾಗುವ ಲಕ್ಷಣ ಜಗತ್ತಿನಲ್ಲಿ ಕಾಣುತ್ತಿಲ್ಲ. ಪ್ರತಿಯೊಬ್ಬರಿಗಾಗಿ ಪ್ರತಿ ಸಲವೂ ನಮ್ಮ ಕಣ್ಣು ತೇವವಾಗಬೇಕೆಂದು ಬಯಸುವುದು ಮನುಷ್ಯರಿಂದ ಆಗದುದನ್ನು ಕೇಳಿದಂತೆ. ಕೇಳಬಹುದಾದದ್ದು ಬೇರೆ ಇದೆ, ಅದು ನಮ್ಮ ಅಳವಿಗೆ ಮೀರಿದ್ದೇನಲ್ಲ. ಗೊತ್ತಿಲ್ಲದವರ ಬಗ್ಗೆ ಬಂದ ಕೆಟ್ಟ ಸುದ್ದಿಯನ್ನು ವಿಚಾರಿಸದೆ ಇನ್ನೊಬ್ಬರಿಗೆ ಕಳಿಸದಿರುವುದು. ಜೀವಗಳ ಮಾತು ಬಂದಾಗ ಬರೀ ಅಂಕಿಗಳಲ್ಲಿ ಮಾತಾಡದಿರುವುದು. ಕೆಲಸ, ಮದುವೆ ಎಂದು ನಂಬಿಸಿ ಕರೆದೊಯ್ಯುವವನನ್ನು ಕಂಡಾಗ ನಮಗೇಕೆ ಎಂದು ಸುಮ್ಮನಿರದೆ ವಿಚಾರಿಸುವುದು. ನೆರವಿಗೆ ನಿಂತ ಬಡವರನ್ನು ಮೆಚ್ಚಿದರೆ, ಅವರ ಹೊರೆಯಲ್ಲಿ ನಮ್ಮ ಪಾಲೆಷ್ಟು ಎಂದು ನಮ್ಮನ್ನು ಆಳುವವರನ್ನು ಕೇಳುವುದು. ಇವು ಮನಸ್ಸು ಉಕ್ಕಿದ ದಿನಕ್ಕಷ್ಟೇ ಮೀಸಲಾಗಬಾರದು. ಒಬ್ಬ ಮನುಷ್ಯ ಮುಳುಗುತ್ತಿರುವಾಗ ಅವನು ಎತ್ತಿಕೊಳ್ಳಲು ಯೋಗ್ಯನೇ ಎಂದು ಯೋಚಿಸಲು ಕೂತರೆ ಕಾರಣಗಳು ಎರಡೂ ಕಡೆಗೆ ಸಿಕ್ಕೇ ಸಿಗುತ್ತವೆ. ಅಷ್ಟರಲ್ಲಿ ಅವನು ಮುಳುಗಿರುತ್ತಾನೆ. ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಟ್ಟುಕೊಂಡಿರುವ ಸಮಾಜವನ್ನು ನಾವು ಸಂಸ್ಕೃತಿಯುಳ್ಳದ್ದೆಂದು ಕರೆಯಬಹುದು. ಆ ಉತ್ತರವನ್ನು ಮಕ್ಕಳಿಗೆ ಕಲಿಸುವ ಹೊಣೆ ಅವರಿಗಿಂತ ಮೊದಲು ಹುಟ್ಟಿದ ನಮ್ಮೆಲ್ಲರದು.